ಶಾಗ್ಯದ ಪಹಣಿ, ಕ್ಯಾನ್‌ಬೆರಾದ ಸಾಂಬಾ

ಸೋಮವಾರ ಬೆಳಿಗ್ಗೆ ಹನೂರಿನ ಯಾವುದಾದರೂ ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಶಾಗ್ಯ, ಬಂಡಳ್ಳಿ ಕಡೆಯಿಂದ ಬಸ್ಸಿಳಿದವರು ಕಚೇರಿಗೆ ಹೋಗುವ ಮುನ್ನ ಅಲ್ಲಿಗೇ ಬರುತ್ತಾರೆ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಮಗನ ಜಾತಿ ಪ್ರಮಾಣಪತ್ರ, ಮತ್ತೊಬ್ಬರು ಲಗ್ನಪತ್ರಿಕೆಯ ಕರಡು ತಿದ್ದಿಸಲು ಬಂದವರು. “ಅಣ್ಣೋ, ಒಂದ್ ಪಾಣಿ ತಗ್ದುಕೊಡಿ, ಬಸ್ ಹೊಂಟೋಯ್ತದೆ” ಎಂಬ ಅವಸರ ಎಲ್ಲರಿಗೂ.

ಅಂಗಡಿಯೊಳಗೆ ಮೂರು ಕಂಪ್ಯೂಟರ್. ಮುಂದಿನ ಮೇಜಿನ ಮೇಲಿರುವುದು ವಿಂಡೋಸ್ 10; ಭೂಮಿ, ಸೇವಾ ಸಿಂಧು ಎಲ್ಲ ಅದರಲ್ಲೇ. ಒಳಗಿರುವುದು ವಿಂಡೋಸ್ 7. ನುಡಿ, ಪೇಜ್‌ಮೇಕರ್ ಅದರಲ್ಲಿ ಸರಿಯಾಗಿ ಕೂತಿವೆ ಎಂಬ ಕಾರಣಕ್ಕೆ ಯಾರೂ ಅದನ್ನು ಮುಟ್ಟುವುದಿಲ್ಲ. ಮೂಲೆಯಲ್ಲಿರುವುದು ವಿಂಡೋಸ್ ಎಳೆಯಲಾರದಷ್ಟು ಹಳತಾಗಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬನ ಕೈಯಲ್ಲಿ ಲಿನಕ್ಸ್ ಹಾಕಿಸಿಕೊಂಡದ್ದು. ಇರುವ ಪ್ರಿಂಟರ್ ಒಂದೇ, ಅದೂ ಒಂದೇ ಕಂಪ್ಯೂಟರಿಗೆ ಕಟ್ಟಿಹಾಕಿದ್ದು. ಉಳಿದೆರಡರಿಂದ ಪ್ರಿಂಟ್ ತೆಗೆಯಬೇಕೆಂದರೆ ಪೆನ್‌ಡ್ರೈವ್ ಓಡಾಡಬೇಕು, ಅದರ ಜೊತೆ ವೈರಸ್ಸೂ ಓಡಾಡುತ್ತದೆ.

ಈ ಓಡಾಟವನ್ನು ನಿಲ್ಲಿಸುವ ತಂತ್ರಾಂಶ ಬಂದು ಮೂವತ್ತು ವರ್ಷ ದಾಟಿತು. ಅದಕ್ಕೆ ದುಡ್ಡಿಲ್ಲ, ಪರವಾನಗಿಯ ಕಿರಿಕಿರಿಯಿಲ್ಲ. ಹೆಸರು ಸಾಂಬಾ. ಕೇಳಿದವರು ಕಡಿಮೆ, ಗೊತ್ತಿಲ್ಲದೆ ಬಳಸಿದವರಿಗೆ ಲೆಕ್ಕವಿಲ್ಲ. ಮದುವೆ ಫೋಟೊಗಳನ್ನು ಕೂಡಿಡಲು ಕೊಳ್ಳೇಗಾಲದ ಸ್ಟುಡಿಯೊದವರು ತಂದ ನೆಟ್‌ವರ್ಕ್ ಡಿಸ್ಕಿನ ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವುದು ಲಿನಕ್ಸ್, ಅದರ ಮೇಲೆ ಸಾಂಬಾ. ಪೆನ್‌ಡ್ರೈವ್ ಚುಚ್ಚಲು ಕಿಂಡಿಯಿರುವ ಅನೇಕ ವೈಫೈ ರೂಟರುಗಳಲ್ಲೂ ಅದೇ.

ಫೈಲು ಕೇಳುವ ಮಾತು

ಎರಡು ಕಂಪ್ಯೂಟರಿಗೆ ತಂತಿ ಎಳೆದ ಮಾತ್ರಕ್ಕೆ ಒಂದರ ಫೈಲು ಇನ್ನೊಂದಕ್ಕೆ ಕಾಣುವುದಿಲ್ಲ. ಕೇಳುವುದಕ್ಕೂ ಕೊಡುವುದಕ್ಕೂ ಒಂದು ಗೊತ್ತಾದ ಕ್ರಮ ಬೇಕು. ನೀನು ಯಾರು, ಪಾಸ್‌ವರ್ಡ್ ಏನು, ಯಾವ ಫೋಲ್ಡರು, ಯಾವ ಫೈಲು, ಅದರಲ್ಲಿ ಎಲ್ಲಿಂದ ಎಲ್ಲಿಯವರೆಗೆ ಬೇಕು, ಓದುವುದಕ್ಕೋ ಬರೆಯುವುದಕ್ಕೋ ಎಂಬ ಸಣ್ಣ ಸಣ್ಣ ಸಂದೇಶಗಳು ಹೋಗಿ ಬರಬೇಕು. ವಿಂಡೋಸ್ ಯಂತ್ರಗಳು ಬಳಸುವ ಈ ಕ್ರಮಕ್ಕೆ ಎಸ್‌ಎಂಬಿ ಎನ್ನುತ್ತಾರೆ. ಅದು ಮೊದಲು ರೂಪುಗೊಂಡದ್ದು ಐಬಿಎಂನಲ್ಲಿ, 1980ರ ದಶಕದ ಆರಂಭದಲ್ಲಿ, ಬ್ಯಾರಿ ಫೈಗನ್‌ಬಾಮ್ ಅವರ ಕೈಯಲ್ಲಿ. ಆಮೇಲೆ ಮೈಕ್ರೋಸಾಫ್ಟ್ ಅದನ್ನು ತನ್ನದಾಗಿಸಿಕೊಂಡು ಹಿಗ್ಗಿಸಿತು.

ಇದರಲ್ಲಿ ನಿಜವಾದ ತಲೆನೋವು ಬೀಗದ್ದು. ಹಾಲಿನ ಡೇರಿಯ ಲೆಕ್ಕದ ಹಾಳೆಯನ್ನು ಕಾರ್ಯದರ್ಶಿ ಒಂದು ಕಂಪ್ಯೂಟರಿನಲ್ಲಿ ತೆರೆದು ಲೀಟರು ತುಂಬುತ್ತಿದ್ದಾರೆ. ಅದೇ ಹಾಳೆಯನ್ನು ಸಹಾಯಕ ಪಕ್ಕದ ಕಂಪ್ಯೂಟರಿನಲ್ಲಿ ತೆರೆದು ಬಟವಾಡೆ ತುಂಬುತ್ತಿದ್ದಾನೆ. ಇಬ್ಬರೂ ಸೇವ್ ಒತ್ತಿದರೆ ಯಾರದು ಉಳಿಯಬೇಕು? ಅದಕ್ಕೇ ಮೊದಲು ತೆರೆದವರಿಗೆ ಬೀಗ, ಎರಡನೆಯವರಿಗೆ ‘ಓದಬಹುದು, ಬರೆಯುವಂತಿಲ್ಲ’ ಎಂಬ ಉತ್ತರ.

ವೇಗ ಹೆಚ್ಚಿಸಲು ಇದರ ಮೇಲೆ ಇನ್ನೊಂದು ಯುಕ್ತಿಯಿದೆ. ಬೇರೆ ಯಾರೂ ಕೇಳುತ್ತಿಲ್ಲ ಎಂದಾದರೆ, ತೆರೆದ ಕಂಪ್ಯೂಟರು ಫೈಲಿನ ನಕಲನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ತಿದ್ದುತ್ತಿರುತ್ತದೆ. ಇನ್ನೊಬ್ಬರು ಕೇಳಿದ ಕ್ಷಣ ಫೈಲನ್ನಿಟ್ಟ ಕಂಪ್ಯೂಟರು, ಅಂದರೆ ಸರ್ವರ್, ಮೊದಲಿನವರಿಗೆ ‘ತಿದ್ದಿದ್ದನ್ನು ಈಗಲೇ ವಾಪಸ್ ಕಳಿಸು’ ಎಂದು ಕರೆ ಕಳಿಸಬೇಕು. ಅದೇ ಹೊತ್ತಿಗೆ ಕರೆಂಟು ಹೋದರೆ ತಿದ್ದಿದ್ದೆಲ್ಲ ಹೋದಂತೆ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶದ ಡೇಟಾವನ್ನು ಶೇರಿಂಗ್ ಫೋಲ್ಡರಿನಲ್ಲಿಟ್ಟವರು ಸರ್ವರಿಗೂ ಫೈಲು ತೆರೆಯುವ ಕಂಪ್ಯೂಟರಿಗೂ ಯುಪಿಎಸ್ ಕೊಡದೆ ಇರುವುದು ದುಡ್ಡು ಉಳಿಸುವ ದಾರಿಯಂತೂ ಅಲ್ಲ.

ಕದ್ದು ಕೇಳಿದ್ದಲ್ಲ, ಕೂತು ಕೇಳಿದ್ದು

ವಿಂಡೋಸ್ ವಿಂಡೋಸಿನೊಡನೆ ಮಾತಾಡುವುದಕ್ಕೆ ತೊಂದರೆಯಿರಲಿಲ್ಲ. ಯುನಿಕ್ಸ್, ಲಿನಕ್ಸ್ ಯಂತ್ರಗಳು ಆ ಮಾತಿನಿಂದ ಹೊರಗಿದ್ದವು. ಮಾತಿನ ಪೂರ್ತಿ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ.

1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ತನ್ನ ಪಿಸಿಯಿಂದ ಯುನಿಕ್ಸ್ ಯಂತ್ರದ ಡಿಸ್ಕನ್ನು ಬಳಸುವ ಅಗತ್ಯ ಬಿತ್ತು. ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಯ ಪಾಥ್‌ವರ್ಕ್ಸ್ ಎಂಬ ತಂತ್ರಾಂಶ ಆ ಕೆಲಸ ಮಾಡುತ್ತಿತ್ತು. ಹೇಗೆ ಮಾಡುತ್ತಿತ್ತು ಎಂಬುದು ಮಾತ್ರ ಗುಟ್ಟು. ತಂತಿಯಲ್ಲಿ ಹರಿಯುವ ಸಂದೇಶಗಳನ್ನು ಹಿಡಿದು ತೋರಿಸುವ ಪ್ರೋಗ್ರಾಂ ಒಂದನ್ನು ಅವರು ಬರೆದುಕೊಂಡರು. ಪಿಸಿ ಏನು ಕೇಳಿತು, ಅದಕ್ಕೆ ಏನು ಬಂತು ಎಂದು ನೋಡುತ್ತಾ ಹೋಗಿ, ಅದೇ ಉತ್ತರ ಕೊಡುವ ಸರ್ವರನ್ನು ತಾವೇ ಬರೆದರು. 1992ರ ಜನವರಿಯಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟು, ತಮ್ಮ ಓದಿಗೆ ಮರಳಿದರು.

ಸುಮಾರು ಎರಡು ವರ್ಷ ಅದು ಹಾಗೇ ಬಿದ್ದಿತ್ತು. ಮನೆಯಲ್ಲಿ ಹೆಂಡತಿಯ ಪಿಸಿಯನ್ನು ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಲು ಹೊರಟಾಗ, ಹಿಂದೆ ಬರೆದದ್ದು ಡಿಜಿಟಲ್ ಕಂಪನಿಯ ತಂತ್ರಾಂಶಕ್ಕೆ ಮಾತ್ರವಲ್ಲ, ಮೈಕ್ರೋಸಾಫ್ಟಿನ ಲೋಕಕ್ಕೂ ಒಗ್ಗುತ್ತದೆ ಎಂಬುದು ಅವರಿಗೆ ಹೊಳೆಯಿತು. 1993ರ ಕೊನೆಗೆ ಕೆಲಸ ಮತ್ತೆ ಶುರುವಾಯಿತು. ಜೆರೆಮಿ ಆಲಿಸನ್ ಸೇರಿ ಹಲವು ದೇಶದವರು ಕೈಜೋಡಿಸಿದರು, ಅದೇ ಸಾಂಬಾ ಆಯಿತು.

ಈ ವಿಧಾನವನ್ನು ಟ್ರಿಜೆಲ್ ವಿವರಿಸುವ ಪರಿ ಚೆನ್ನಾಗಿದೆ. ಭಾಷೆ ಬಾರದ ಊರಿನ ಹೋಟೆಲಿನಲ್ಲಿ ಕೂತವನು ಪಕ್ಕದ ಮೇಜಿನವರ ಮಾತಿಗೂ ಮಾಣಿ ತಂದಿಡುವ ತಟ್ಟೆಗೂ ತಾಳೆ ಹಾಕುತ್ತಾ ಆ ಭಾಷೆ ಕಲಿತಂತೆ, ಎನ್ನುತ್ತಾರೆ ಅವರು. ಯಾರ ಪ್ರೋಗ್ರಾಮನ್ನೂ ಬಿಚ್ಚಿ ನೋಡಿಲ್ಲ, ಒಂದು ಸಾಲನ್ನೂ ಎತ್ತಿಕೊಂಡಿಲ್ಲ. ಕಾನೂನಿನ ದೃಷ್ಟಿಯಿಂದ ಈ ವ್ಯತ್ಯಾಸ ದೊಡ್ಡದು.

ಬ್ರಸೆಲ್ಸಿನ ಹತ್ತು ಸಾವಿರ ಯೂರೊ

ಮೈಕ್ರೋಸಾಫ್ಟ್ ಪ್ರತಿ ಹೊಸ ವಿಂಡೋಸಿನಲ್ಲೂ ಮಾತಿನ ಕ್ರಮ ಬದಲಿಸುತ್ತಿತ್ತು. ಸಾಂಬಾದವರು ಪ್ರತಿ ಸಲವೂ ಮೊದಲಿನಿಂದ ತಾಳೆ ಹಾಕುತ್ತಾ ಕೂರಬೇಕಿತ್ತು. ಈ ಜಗ್ಗಾಟಕ್ಕೆ ಒಂದು ತಿರುವು ಕೊಟ್ಟದ್ದು ಯೂರೋಪು. ಸರ್ವರುಗಳ ನಡುವಿನ ಮಾತಿನ ವಿವರವನ್ನು ಸ್ಪರ್ಧಿಗಳಿಗೆ ಕೊಡದಿರುವುದು ಮಾರುಕಟ್ಟೆಯಲ್ಲಿನ ಬಲದ ದುರುಪಯೋಗ ಎಂದು ಬ್ರಸೆಲ್ಸಿನಲ್ಲಿರುವ ಯೂರೋಪಿಯನ್ ಕಮಿಷನ್ 2004ರ ಮಾರ್ಚಿನಲ್ಲಿ ತೀರ್ಮಾನಿಸಿ ಸುಮಾರು 49.7 ಕೋಟಿ ಯೂರೊ ದಂಡ ಹಾಕಿತು. ಮೇಲ್ಮನವಿಯಲ್ಲೂ ಮೈಕ್ರೋಸಾಫ್ಟ್ ಸೋತದ್ದು 2007ರ ಸೆಪ್ಟೆಂಬರ್ 17ರಂದು. ಆ ಮೊಕದ್ದಮೆಯಲ್ಲಿ ಸಾಂಬಾ ತಂಡದವರೂ ಬಂದು ವಾದಕ್ಕೆ ಬಲ ಕೊಟ್ಟಿದ್ದರು.

ಅದೇ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನೊಡನೆ ಒಪ್ಪಂದವಾಯಿತು. ಒಂದೇ ಸಲ ಹತ್ತು ಸಾವಿರ ಯೂರೊ ಕಟ್ಟಿದರೆ ಮಾತಿನ ವಿವರದ ದಾಖಲೆ ಸಿಗುತ್ತದೆ, ಅದನ್ನು ಓದಿ ಬರೆದ ತಂತ್ರಾಂಶವನ್ನು ಎಲ್ಲರಿಗೂ ಹಂಚಬಹುದು. ದೊಡ್ಡ ಕಚೇರಿಗಳ ನೂರಾರು ಬಳಕೆದಾರರ ಪಾಸ್‌ವರ್ಡುಗಳನ್ನು ಒಂದೆಡೆ ನಿರ್ವಹಿಸುವ ಸಾಮರ್ಥ್ಯ ಸಾಂಬಾಕ್ಕೆ ಪೂರ್ತಿಯಾಗಿ ಬಂದದ್ದು 2012ರ ಡಿಸೆಂಬರಿನ 4.0 ಆವೃತ್ತಿಯಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 2011ರಲ್ಲಿ, ಮೈಕ್ರೋಸಾಫ್ಟಿನ ನೌಕರರೊಬ್ಬರು ಸಾಂಬಾಕ್ಕೆ ಕೋಡ್ ಬರೆದುಕೊಟ್ಟದ್ದನ್ನು ನೋಡಿ ಹಳಬರು ಕಣ್ಣುಜ್ಜಿಕೊಂಡಿದ್ದರು.

ಆಪಲ್ ಕಥೆ ಉಲ್ಟಾ. 2002ರಿಂದ ತನ್ನ ಮ್ಯಾಕ್‌ಗಳಲ್ಲಿ ಸಾಂಬಾ ಕೂರಿಸಿಕೊಂಡಿದ್ದ ಕಂಪನಿ, ಸಾಂಬಾವನ್ನು ತಮ್ಮ ಯಂತ್ರದಲ್ಲಿ ಹಾಕಿ ಮಾರುವವರಿಗೆ ಅದರ ಪರವಾನಗಿ ಬಿಗಿಯಾದ ಮೇಲೆ 2011ರಲ್ಲಿ ಅದನ್ನು ಕೈಬಿಟ್ಟು ತನ್ನದೇ ತಂತ್ರಾಂಶ ಬರೆದುಕೊಂಡಿತು.

‘ಶಾಗ್ಯ’ಕ್ಕೆ ಹದಿನೈದು ಬೈಟು

ಕನ್ನಡದ ಹೆಸರುಗಳಿಗೆ ಬಂದರೆ ಇಲ್ಲಿಂದ ಮುಂದೆ ನಮ್ಮದೇ ಕಥೆ. ನಮ್ಮ ಕಡೆ ಕಚೇರಿಗಳಲ್ಲಿ ಫೈಲಿನ ಒಳಗೆ ಕನ್ನಡ, ಹೊರಗಿನ ಹೆಸರು ಇಂಗ್ಲಿಷು. ‘ಪಹಣಿ ನ್ಯೂ’, ‘ಪಹಣಿ ನ್ಯೂ ಫೈನಲ್’, ‘ಫೈನಲ್ 2’ ಎಂದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿಟ್ಟಿರುತ್ತಾರೆ. ಇದು ಬರೀ ಸೋಮಾರಿತನವಲ್ಲ. 2003ರ ಸೆಪ್ಟೆಂಬರಿನಲ್ಲಿ ಸಾಂಬಾ 3.0 ಬರುವ ತನಕ ಅದು ವಿಂಡೋಸಿನೊಡನೆ ಎಲ್ಲ ಲಿಪಿಗಳನ್ನೂ ಒಳಗೊಂಡ ಯುನಿಕೋಡ್ ಸಂಕೇತದಲ್ಲಿ ವ್ಯವಹರಿಸುತ್ತಿರಲಿಲ್ಲ. ಕನ್ನಡ ಹೆಸರಿನ ಫೈಲು ಆ ಕಡೆ ಸರಿಯಾಗಿ ಕಾಣುವ ಭರವಸೆಯಿರಲಿಲ್ಲ. ಆ ಹೆದರಿಕೆ ಬೆರಳಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ.

ಈಗ ಹೆದರಬೇಕಿಲ್ಲ, ಆದರೆ ಎರಡು ಹಳ್ಳ ಇನ್ನೂ ಇವೆ. ಮೊದಲನೆಯದು ಉದ್ದದ್ದು. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟು ಮಿತಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಗುರುತಿಗೂ ಮೂರು ಬೇಕು. ‘ಶಾಗ್ಯ’ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿಗೆ ಅದು ಶ, ದೀರ್ಘ, ಗ, ವಿರಾಮ, ಯ ಎಂಬ ಐದು ಗುರುತು, ಅಂದರೆ ಹದಿನೈದು ಬೈಟು. ‘ಶಾಗ್ಯ ಗ್ರಾಮ ಪಂಚಾಯಿತಿ’ ಎಂದು ಬರೆಯುವಷ್ಟರಲ್ಲಿ ಐವತ್ತಾರು ಮುಗಿದಿರುತ್ತದೆ. ವಿಂಡೋಸ್ ಎಣಿಸುವುದು ಗುರುತುಗಳನ್ನು, 255ರವರೆಗೆ. ಲಿನಕ್ಸಿನಲ್ಲಿ ಕನ್ನಡದ 85 ಗುರುತಿಗೇ ಜಾಗ ಮುಗಿಯುತ್ತದೆ. ಸರ್ಕಾರಿ ಪತ್ರದ ‘ವಿಷಯ’ವನ್ನೇ ಪೂರ್ತಿ ಫೈಲಿನ ಹೆಸರು ಮಾಡುವ ಗುಮಾಸ್ತರು ನಮ್ಮಲ್ಲಿ ಕಡಿಮೆಯಿಲ್ಲ. ವಿಂಡೋಸಿನಲ್ಲಿ ಚೆನ್ನಾಗಿ ಕೂತ ಅಂಥ ಫೈಲು ಸಾಂಬಾ ಫೋಲ್ಡರಿಗೆ ಹೋಗದೆ ಹಟ ಹಿಡಿಯುತ್ತದೆ, ಕಾಣುವ ಎರರ್ ಸಂದೇಶದಿಂದ ಕಾರಣವೂ ತಿಳಿಯುವುದಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ‘ಕೊಳ್ಳೇಗಾಲ’ದ ‘ಕೊ’ವನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಒತ್ವವನ್ನು ಒಂದೇ ಗುರುತಾಗಿ, ಇಲ್ಲವೇ ಎತ್ವ ಮತ್ತು ಊತ್ವದ ಚಿಹ್ನೆಗಳೆರಡನ್ನು ಸೇರಿಸಿ. ಪರದೆಯ ಮೇಲೆ ಕೂದಲೆಳೆಯ ಭೇದವೂ ಕಾಣುವುದಿಲ್ಲ. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಂಥ ಡಿಸ್ಕಿನಿಂದ ನೇರ ನಕಲಾಗಿ ಬಂದ ಫೋಲ್ಡರೊಂದು, ಇಲ್ಲೇ ಟೈಪಾದ ಇನ್ನೊಂದು ಸೇರಿದರೆ ಲಿನಕ್ಸ್ ಸರ್ವರಿನಲ್ಲಿ ಎರಡು ‘ಕೊಳ್ಳೇಗಾಲ’ ಅಕ್ಕಪಕ್ಕ ಕೂರುತ್ತವೆ. ಒಂದರಲ್ಲಿ ಹುಡುಕಿದವರಿಗೆ ಇನ್ನೊಂದರಲ್ಲಿರುವುದು ಸಿಗುವುದಿಲ್ಲ.

ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರದ ರಗಳೆ ಮಾತ್ರ ನಮಗಿಲ್ಲ. ಆ ಭೇದ ಲಿನಕ್ಸಿಗೆ ಉಂಟು, ವಿಂಡೋಸಿಗೆ ಇಲ್ಲ. ಅದನ್ನು ಸರಿತೂಗಿಸಲು ಸಾಂಬಾ ಪಡುವ ಪಾಡು ಅಷ್ಟಿಷ್ಟಲ್ಲ. ಇನ್ನು ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಬರಹ ಬೇರೆ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿ ಕಂಡರೆ ಅದಕ್ಕೆ ಸಾಂಬಾವನ್ನು ಬೈಯುವಂತಿಲ್ಲ. ಫೈಲನ್ನು ದಾಟಿಸುವುದಷ್ಟೇ ಅದರ ಕೆಲಸ, ಆ ಫಾಂಟನ್ನು ಅಲ್ಲೂ ಹಾಕಿರಬೇಕು.

‘ಹನ್ನೊಂದು ಬಿ’ ಎಂಬ ಪೀಡೆ

ಪ್ರಿಂಟರಿನ ವಿಷಯಕ್ಕೆ ಬರೋಣ, ಅಂಗಡಿಯವರ ಕಣ್ಣೀರು ಇರುವುದು ಇಲ್ಲೇ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಎರಡಕ್ಕೂ ಇರುವುದು ಯುಎಸ್‌ಬಿ ತಂತಿ ಮಾತ್ರ. ನೆಟ್‌ವರ್ಕ್ ಕಿಂಡಿಯಿಲ್ಲ, ವೈಫೈ ಇಲ್ಲ. ಹಂಚಿಕೊಳ್ಳಬೇಕಾದರೆ ಯಾವುದಾದರೂ ಕಂಪ್ಯೂಟರ್ ಮಧ್ಯಸ್ಥಿಕೆ ವಹಿಸಲೇಬೇಕು.

ವಿಂಡೋಸಿನಲ್ಲಿ ಇದು ಸಲೀಸಾಗಿತ್ತು. ಪ್ರಿಂಟರಿರುವ ಕಂಪ್ಯೂಟರಿನಿಂದ ಡ್ರೈವರ್ ತಾನಾಗಿಯೇ ಬಂದು ಕೂರುತ್ತಿತ್ತು. 2021ರ ನಡುವಿನಲ್ಲಿ ಬಯಲಾದ ‘ಪ್ರಿಂಟ್ ನೈಟ್‌ಮೇರ್’ ಎಂಬ ದೋಷ ಈ ಸಲೀಸುತನವನ್ನೇ ಹಿಡಿದು ಒಳನುಗ್ಗುವ ದಾರಿಯಾಯಿತು. ಮೈಕ್ರೋಸಾಫ್ಟ್ ತೇಪೆಯ ಮೇಲೆ ತೇಪೆ ಹಾಕಿತು. ಸೆಪ್ಟೆಂಬರಿನ ತೇಪೆ ಬಿದ್ದ ಮರುದಿನದಿಂದ ಶೇರಿಂಗ್ ಪ್ರಿಂಟರುಗಳು ಜಗತ್ತಿನ ತುಂಬ ‘0ಎಕ್ಸ್0000011ಬಿ’ ಎಂಬ ಎರರ್ ಕೊಟ್ಟು ನಿಂತುಬಿಟ್ಟವು. ಯೂಟ್ಯೂಬ್ ನೋಡಿ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯನ್ನು ಸೊನ್ನೆ ಮಾಡಿ ದಾರಿ ಕಂಡುಕೊಂಡವರು ಬಹಳ. ಅದು ತೇಪೆಯನ್ನು ಬಿಚ್ಚಿಹಾಕಿದಂತೆಯೇ ಎಂದು ಆ ವಿಡಿಯೊಗಳು ಹೇಳಲಿಲ್ಲ.

ಲಿನಕ್ಸ್ ಕಡೆ ಕೆಲಸ ಎರಡು ಪಾಲು. ಕಪ್ಸ್ ಎಂಬ ತಂತ್ರಾಂಶ ಪ್ರಿಂಟಿನ ಸರದಿ ನೋಡಿಕೊಳ್ಳುತ್ತದೆ. ಆ ಸರದಿಯನ್ನು ವಿಂಡೋಸಿಗೆ ವಿಂಡೋಸ್ ಪ್ರಿಂಟರಿನಂತೆಯೇ ತೋರಿಸುವುದು ಸಾಂಬಾ. ಇಷ್ಟು ಹೇಳಿ ಹೊಗಳಿ ಬಿಡುವವರಿದ್ದಾರೆ, ನಾನು ಬಿಡುವುದಿಲ್ಲ. ಎಲ್‌ಬಿಪಿ 2900 ಅರ್ಥಮಾಡಿಕೊಳ್ಳುವುದು ಕ್ಯಾನನ್ನಿನ ಸ್ವಂತ ಭಾಷೆಯನ್ನು. ಲಿನಕ್ಸಿನಲ್ಲಿ ಅದರ ಡ್ರೈವರನ್ನು ದಾರಿಗೆ ತರುವುದು ತಾಳ್ಮೆಗೇ ಸವಾಲು. ಲೇಸರ್‌ಜೆಟ್ 1020 ಸ್ವಿಚ್ ಹಾಕಿದಾಗಲೆಲ್ಲ ತನ್ನ ಬುದ್ಧಿಯನ್ನು ಕಂಪ್ಯೂಟರಿನಿಂದ ಹೊಸದಾಗಿ ತುಂಬಿಸಿಕೊಳ್ಳುವ ಯಂತ್ರ. ಕರೆಂಟು ಹೋಗಿ ಬಂದರೆ ಆ ಏರ್ಪಾಟೂ ಮತ್ತೆ ಸರಿಯಾಗಿ ನಡೆಯಬೇಕು. ಇಂಥ ಪ್ರಿಂಟರ್ ಇದ್ದವರು ಅದನ್ನು ವಿಂಡೋಸಿಗೇ ಬಿಟ್ಟು, ಫೈಲುಗಳನ್ನು ಮಾತ್ರ ಸಾಂಬಾದಲ್ಲಿಡುವುದು ಮೇಲು. ಮುಂದಿನ ಸಲ ಕೊಳ್ಳುವಾಗ ನೆಟ್‌ವರ್ಕ್ ಕಿಂಡಿಯಿರುವುದನ್ನು ಕೇಳಿ ಕೊಳ್ಳಿ.

ಅಂದಹಾಗೆ, ಮುಕ್ತ ತಂತ್ರಾಂಶದ ಚಳವಳಿಯ ಬೇರಿನಲ್ಲೇ ಒಂದು ಪ್ರಿಂಟರಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಜೆರಾಕ್ಸ್ ಲೇಸರ್ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡ ಸುದ್ದಿ ಎಲ್ಲರಿಗೂ ತಲುಪುವಂತೆ ಪ್ರೋಗ್ರಾಂ ತಿದ್ದಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಹೊರಟರೆ ಅದರ ಮೂಲ ಕೋಡ್ ಸಿಗಲಿಲ್ಲ. ಆ ಸಿಟ್ಟು ಬೆಳೆದು 1983ರಲ್ಲಿ ಎಲ್ಲರೂ ತಿದ್ದಿ ಹಂಚಬಹುದಾದ ತಂತ್ರಾಂಶ ಬರೆಯುವ ಗ್ನೂ ಯೋಜನೆಯಾಯಿತು. ಸಾಂಬಾ ಹಂಚಿಕೆಯಾಗುವುದು ಆ ಯೋಜನೆಯಿಂದ ಹುಟ್ಟಿದ ಜಿಪಿಎಲ್ ಪರವಾನಗಿಯಲ್ಲೇ.

2017ರ ಮೇ ತಿಂಗಳು

ಹಂಚಿಕೊಳ್ಳಲು ತೆರೆದ ಬಾಗಿಲಲ್ಲಿ ಕಳ್ಳರೂ ಬರುತ್ತಾರೆ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ವೈರಸ್ಸು ವಿಂಡೋಸಿನ ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವನ್ನು ಹಿಡಿದು ದೇಶದೇಶಗಳ ಆಸ್ಪತ್ರೆ, ಕಾರ್ಖಾನೆ, ಕಚೇರಿಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಮೈಕ್ರೋಸಾಫ್ಟ್ ಅದರ ತೇಪೆಯನ್ನು ಮಾರ್ಚಿನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ‘ನಮ್ಮದು ಲಿನಕ್ಸು, ನಮಗೇನು’ ಎಂದು ಮೀಸೆ ತಿರುವಿದವರಿಗೆ ಎರಡು ವಾರವೂ ಕಾಯಬೇಕಾಗಲಿಲ್ಲ. ಸಾಂಬಾದಲ್ಲೂ ಗಂಭೀರ ದೋಷವಿದೆ, ಅದು 2010ರ 3.5 ಆವೃತ್ತಿಯಿಂದಲೂ ಇದೆ ಎಂದು ಅದೇ ಮೇ 24ರಂದು ಪ್ರಕಟವಾಯಿತು. ಮೂಲ ಕೋಡ್ ಎಲ್ಲರಿಗೂ ತೆರೆದಿದ್ದರೂ ಏಳು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೇಪೆಯೇನೋ ಕೂಡಲೇ ಬಂತು. ಆದರೆ ಕಪಾಟಿನ ಮೇಲೆ ಧೂಳು ತಿನ್ನುವ ನೆಟ್‌ವರ್ಕ್ ಡಿಸ್ಕಿನ ಡಬ್ಬಿಗಳಿಗೆ ಅದನ್ನು ಹಾಕುವವರು ಯಾರು?

ಬಾಗಿಲು ಬಿಗಿಯಾಗುತ್ತಲೂ ಇದೆ. ವಿಂಡೋಸ್ 11ರ 2024ರ ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಫೋಲ್ಡರುಗಳನ್ನು ಅದು ಸುಲಭಕ್ಕೆ ತೆರೆಯುವುದಿಲ್ಲ. ಹೊಸ ಲ್ಯಾಪ್‌ಟಾಪ್ ತಂದ ದಿನವೇ ‘ನೆಟ್‌ವರ್ಕ್ ಕೆಟ್ಟೋಯ್ತು’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನು. ಪರಿಹಾರ ಸರಳ: ಸಾಂಬಾದಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು, ಹಳೆಯ ಮೊದಲ ಆವೃತ್ತಿಯನ್ನು ಮುಚ್ಚಿಡುವುದು. ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದಂತೂ ಯಾವ ಕಾರಣಕ್ಕೂ ಕೂಡದು.

ನೋಡಿಕೊಳ್ಳುವವರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಹಳೆಯ ಯಂತ್ರಗಳಲ್ಲಿಲ್ಲ. ಹನೂರು, ಯಳಂದೂರಿನಂಥ ಊರುಗಳಲ್ಲಿ ಇಂಥ ಕಂಪ್ಯೂಟರುಗಳು ಇನ್ನು ಗುಜರಿಗೆ ಹೋಗಬೇಕು, ಇಲ್ಲವೇ ಲಿನಕ್ಸಿಗೆ ಬರಬೇಕು. ಬಂದರೆ ಫೈಲು ಸರ್ವರ್ ಆಗಲು ಅವಕ್ಕೆ ಯೋಗ್ಯತೆ ಧಾರಾಳವಾಗಿದೆ.

ಕಲಿತವರೂ ಇಲ್ಲದಿಲ್ಲ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಶಾಲೆಗಳ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲಿ 2011ರಿಂದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿಎಸ್‌ಇಆರ್‌ಟಿ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಸರ್ಕಾರಿ ಪ್ರೌಢಶಾಲೆಯ ಮೇಷ್ಟರುಗಳಿಗೆ ಉಬುಂಟು ಲಿನಕ್ಸ್ ಕಲಿಸಿತು. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶವನ್ನೇ ಮೊದಲು ನೋಡಬೇಕೆಂಬ ಕೇಂದ್ರದ ನೀತಿ 2015ರದು. ಆದರೆ ನೀತಿ ಬಂದು ಸರ್ವರ್ ಸರಿ ಮಾಡುವುದಿಲ್ಲ. ಕೊಳ್ಳೇಗಾಲದಲ್ಲಿ ವಿಂಡೋಸ್ ಹಾಕಿಕೊಡುವ ಹುಡುಗರು ಬೇಕಾದಷ್ಟು ಸಿಗುತ್ತಾರೆ, ಸಾಂಬಾ ಗೊತ್ತಿರುವವರನ್ನು ಹುಡುಕಬೇಕು. ತಂತ್ರಾಂಶ ಪುಕ್ಕಟೆಯಾದರೂ ಅದನ್ನು ನೋಡಿಕೊಳ್ಳುವವರ ಸಂಬಳ ಪುಕ್ಕಟೆಯಲ್ಲ. ಜರ್ಮನಿ ಸರ್ಕಾರದ ಸಾವರಿನ್ ಟೆಕ್ ಫಂಡ್ 2024ರಲ್ಲಿ ಸಾಂಬಾಕ್ಕೆ ಸುಮಾರು 6.9 ಲಕ್ಷ ಯೂರೊ ಕೊಟ್ಟದ್ದು ಈ ಲೆಕ್ಕ ಗೊತ್ತಿದ್ದೇ.

ಕಲಿಯುವುದು ಕಷ್ಟವೂ ಅಲ್ಲ. ಹತ್ತಿಪ್ಪತ್ತು ಸಾಲಿನ ಒಂದು ಫೈಲಿನಲ್ಲಿ ಯಾವ ಫೋಲ್ಡರು, ಯಾರಿಗೆ, ಓದಲೋ ಬರೆಯಲೋ ಎಂದು ಬರೆದರೆ ಸಣ್ಣ ಅಂಗಡಿಗೆ ಬೇಕಾದ್ದೆಲ್ಲ ಮುಗಿಯಿತು. ಬರೆದದ್ದರಲ್ಲಿ ತಪ್ಪಿದ್ದರೆ ಹುಡುಕಿ ಹೇಳುವ ಆಜ್ಞೆಯೂ ಜೊತೆಗೇ ಬರುತ್ತದೆ. ಉಳಿಯುವುದು ನಕಲಿನ ಚಿಂತೆ: ಎಲ್ಲರ ಫೈಲೂ ಒಂದೇ ಡಿಸ್ಕಿಗೆ ಬಂದ ಮೇಲೆ ಆ ಡಿಸ್ಕು ಸತ್ತರೆ ಎಲ್ಲರದೂ ಹೋಯಿತು. ನಕಲು ತೆಗೆದಿಡಲು ಬೇಕಾದ ಆರ್‌ಸಿಂಕ್ ಎಂಬ ಸಾಧನವನ್ನೂ ಇದೇ ಟ್ರಿಜೆಲ್ 1996ರಲ್ಲಿ ಪಾಲ್ ಮೆಕರಾಸ್ ಜೊತೆ ಬರೆದುಕೊಟ್ಟಿದ್ದಾರೆ. ಫೈಲಿನಲ್ಲಿ ಬದಲಾದಷ್ಟು ಭಾಗವನ್ನು ಮಾತ್ರ ನೆಟ್‌ವರ್ಕ್ ಮೂಲಕ ಕಳಿಸುವುದು ಅದರ ಹೆಚ್ಚುಗಾರಿಕೆ. ದಿನವೂ ಅಂಗಡಿ ಮುಚ್ಚುವ ಮುನ್ನ ಹೊರಗಿನಿಂದ ಜೋಡಿಸುವ ಒಂದು ಡಿಸ್ಕಿಗೆ ಅದನ್ನು ಓಡಿಸಿ, ಆ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ಒಯ್ಯಬೇಕು.